ಸೈನಿಕ ಹುಳದ ಮೈಮೇಲೆ ಬಿಳಿ ಗೂಡು: ಔಷಧಿ ಹೊಡೆಯಬೇಕಾ, ಬಿಡಬೇಕಾ?

ಪ್ರಶ್ನೆ: ಸರ್, ನಮ್ಮದು ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕು, ಮಳೆ ನಂಬಿದ ಹೊಲ. ಮೂರು ಎಕರೆ ಮೆಕ್ಕೆಜೋಳ ಹಾಕಿದ್ದೇವೆ, ಈಗ ಮೊಣಕಾಲುದ್ದ ಬಂದಿದೆ. ಸೈನಿಕ ಹುಳ ಬಿದ್ದಿದೆ. ಮೊನ್ನೆ ಸುಳಿ ಬಿಚ್ಚಿ ನೋಡಿದಾಗ ಒಂದು ಹುಳದ ಮೈಗೆ ಅಕ್ಕಿ ಕಾಳಿನಂಥ ಬಿಳಿ ಬಿಳಿ ಏನೋ ಅಂಟಿಕೊಂಡಿತ್ತು. ಪಕ್ಕದ ಹೊಲದವರು 'ಅದು ಹುಳದ ಮೊಟ್ಟೆ, ಇವತ್ತೇ ಔಷಧಿ ಹೊಡಿ' ಅಂದರು. ಇನ್ನೊಬ್ಬರು ಟ್ರೈಕೋ ಕಾರ್ಡ್ ತಂದು ಕಟ್ಟಿ, ಕಣಜ ಬಂದು ಹುಳ ಕೊಲ್ಲುತ್ತವೆ ಅಂತಾರೆ. ಹೊಲದಲ್ಲಿ ಮಕ್ಕಳು ಓಡಾಡುತ್ತವೆ, ಕಣಜ ಕಡಿದರೆ ಏನು ಗತಿ? ಹುಳ ಖಾಲಿಯಾದ ಮೇಲೆ ಆ ಕಣಜ ಬೆಳೆಗೇ ತಿರುಗಿದರೆ? ಹೊಸದುರ್ಗದಲ್ಲಿರುವ ನಮ್ಮ ಭಾವನವರ ತೆಂಗಿನ ತೋಟದಲ್ಲೂ ಗರಿ ಒಣಗುತ್ತಿವೆ. ಅಲ್ಲಿಗೂ ಇದೇ ಕಾರ್ಡ್ ಆಗುತ್ತಾ?

ಉತ್ತರ: ಮೊದಲು ತುರ್ತಿನ ಮಾತು. ಇವತ್ತು ಔಷಧಿ ಹೊಡೆಯಬೇಡಿ. ಆ ಬಿಳಿ ಕಾಳುಗಳು ಹುಳದ ಮೊಟ್ಟೆ ಅಲ್ಲ. ಹುಳ ಮೊಟ್ಟೆ ಇಡುವುದೇ ಇಲ್ಲ. ಮೊಟ್ಟೆ ಇಡುವುದು ಪತಂಗ, ಅದೂ ರಾತ್ರಿ ಹೊತ್ತು, ಎಲೆಯ ಮೇಲೆ. ಹುಳ ಅಂದರೆ ಆ ಪತಂಗದ ಮರಿ. ತಿನ್ನುವುದು, ಬೆಳೆಯುವುದು, ಇಷ್ಟೇ ಅದರ ಕೆಲಸ. ಹಾಗಾಗಿ ಯಾವ ಹುಳದ ಮೈಮೇಲೆ ಏನೇ ಅಂಟಿಕೊಂಡಿರಲಿ, ಅದು ಆ ಹುಳ ಇಟ್ಟ ಮೊಟ್ಟೆ ಆಗಿರುವುದಿಲ್ಲ.

ನೀವು ನೋಡಿದ್ದು ಒಂದು ಪುಟ್ಟ ಕಣಜದ ಗೂಡುಗಳನ್ನು. ನಿಮ್ಮ ವಿವರಣೆ ನೋಡಿದರೆ ಕೊಟೇಸಿಯಾ ಅನ್ನುವ ಬಳಗದ್ದು ಅನ್ನಿಸುತ್ತದೆ. ತಾಯಿ ಕಣಜ ಕೆಲವು ದಿನಗಳ ಹಿಂದೆ, ಹುಳ ಇನ್ನೂ ಚಿಕ್ಕದಿದ್ದಾಗ, ಅದರ ಮೈಯೊಳಗೆ ಮೊಟ್ಟೆ ಚುಚ್ಚಿ ಹೋಗಿದೆ. ಮರಿಗಳು ಹುಳದ ಒಳಗೇ ಹುಟ್ಟಿ, ಒಳಗೇ ತಿಂದು, ಬೆಳೆದ ಮೇಲೆ ಚರ್ಮ ತೂತು ಮಾಡಿ ಹೊರಗೆ ಬಂದು, ಪಕ್ಕದಲ್ಲೇ ನೂಲು ಸುತ್ತಿಕೊಂಡು ಗೂಡು ಕಟ್ಟಿವೆ. ಆ ಹುಳ ಜೀವಂತ ಇರುವಂತೆ ಕಂಡರೂ ಅದರ ಕಥೆ ಮುಗಿದಿದೆ. ಅದು ಇನ್ನು ಪತಂಗ ಆಗುವುದಿಲ್ಲ. ಇನ್ನೊಂದು ವಾರದೊಳಗೆ ಆ ಒಂದೊಂದು ಗೂಡಿನಿಂದ ಒಂದೊಂದು ಕಣಜ ಹೊರಬಂದು ನಿಮ್ಮ ಹೊಲದಲ್ಲೇ ಬೇರೆ ಹುಳ ಹುಡುಕಲು ಶುರು ಮಾಡುತ್ತದೆ. ಪಕ್ಕದವರ ಮಾತು ಕೇಳಿ ಅವತ್ತೇ ಹೊಡೆದಿದ್ದರೆ, ನಿಮ್ಮ ಪರವಾಗಿ ಕೆಲಸ ಮಾಡುವವರನ್ನೇ ಮೊದಲು ಕೊಂದಂತೆ ಆಗುತ್ತಿತ್ತು.

ನಿಮ್ಮ ಕಡೆ ರೇಷ್ಮೆ ಸಾಕುವವರು ಇದ್ದರೆ ಅವರನ್ನು ಕೇಳಿ, ಊಜಿ ನೊಣದ ಹೆಸರು ಹೇಳಿದರೆ ಸಾಕು, ಅರ್ಥವಾಗುತ್ತದೆ. ಊಜಿ ಬಂದು ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಅಂಟಿಸುತ್ತದೆ, ಮರಿ ಒಳಗೆ ಇಳಿದು ತಿನ್ನುತ್ತದೆ, ಹುಳ ಸಾಯುತ್ತದೆ. 1980ರಲ್ಲಿ ಈ ನೊಣ ಕರ್ನಾಟಕಕ್ಕೆ ಬಂದ ಮೇಲೆ ರೇಷ್ಮೆಯವರು ಪಟ್ಟ ಪಾಡು ಸಣ್ಣದಲ್ಲ. ಅದೇ ಕಸುಬನ್ನು ನಿಮ್ಮ ಹೊಲದಲ್ಲಿ ಸೈನಿಕ ಹುಳದ ಮೇಲೆ ಮಾಡಿದರೆ ನಮಗೆ ಲಾಭ. ಇನ್ನೂ ಸ್ವಾರಸ್ಯ ಏನೆಂದರೆ, ಆ ಊಜಿಯನ್ನು ಹತೋಟಿಗೆ ತರಲು ರೇಷ್ಮೆ ಮನೆಗಳಲ್ಲಿ ಬಿಡುವುದೂ ಒಂದು ಕಣಜವನ್ನೇ. ನೆಸೋಲಿಂಕ್ಸ್ ಥೈಮಸ್ ಅಂತ ಅದರ ಹೆಸರು. ಅದು ಊಜಿಯ ಕೋಶದೊಳಗೆ ಮೊಟ್ಟೆ ಇಡುತ್ತದೆ.

ನಮ್ಮ ಹಿರಿಯರಿಗೆ ಇದು ಕಣ್ಣಿಗೆ ಬೀಳದೆ ಇರಲಿಲ್ಲ. ಭ್ರಮರ ಕೀಟ ನ್ಯಾಯ ಅಂತ ಕೇಳಿರುತ್ತೀರಿ. ಕಣಜ ಹುಳವನ್ನು ತಂದು ಮಣ್ಣಿನ ಗೂಡಿನಲ್ಲಿಟ್ಟು ಗುಂಯ್‌ಗುಡುತ್ತದೆ, ಕಣಜವನ್ನೇ ಧ್ಯಾನಿಸಿ ಧ್ಯಾನಿಸಿ ಹುಳವೂ ಕಣಜ ಆಗುತ್ತದೆ ಅನ್ನುವ ಮಾತು. ಹುಳ ಒಳಗೆ ಹೋಗುವುದು ನಿಜ, ಕಣಜ ಹೊರಗೆ ಬರುವುದೂ ನಿಜ. ನಡುವೆ ನಡೆಯುವುದು ಧ್ಯಾನ ಅಲ್ಲ, ಊಟ. ಗೋಡೆಗೆ ಮಣ್ಣಿನ ಗೂಡು ಕಟ್ಟುವ ಆ ದೊಡ್ಡ ಕಣಜ ಹುಳವನ್ನು ಕುಟುಕಿ, ಮರಗಟ್ಟಿಸಿ, ಗೂಡಿಗೆ ಹೊತ್ತು ತಂದು ಮರಿಗೆ ಬುತ್ತಿ ಮಾಡಿಡುತ್ತದೆ. ನಿಮ್ಮ ಹೊಲದ ಪುಟ್ಟ ಕಣಜ ಹೊರುವ ಗೋಜಿಗೇ ಹೋಗುವುದಿಲ್ಲ. ಹುಳ ಇರುವಲ್ಲಿಗೇ ಹೋಗಿ ಮೊಟ್ಟೆ ಇಟ್ಟು ಬರುತ್ತದೆ.

ಈಗ ಒಂದು ಎಚ್ಚರಿಕೆ. ಹುಳದ ಮೇಲೆ ಬಿಳಿ ಕಂಡದ್ದೆಲ್ಲ ಕಣಜದ ಗೂಡಲ್ಲ. ತಲೆಯ ಹಿಂದೆ ಗಟ್ಟಿಯಾಗಿ ಅಂಟಿದ ಒಂದೆರಡೇ ಬಿಳಿ ಚುಕ್ಕೆ ಇದ್ದರೆ ಅದು ಊಜಿಯ ನೆಂಟ ನೊಣವೊಂದರ ಮೊಟ್ಟೆ. ಅದೂ ನಿಮ್ಮ ಪರವೇ. ಹುಳ ಸುಳಿಯಲ್ಲೇ ಸೆಟೆದು ಒಣಗಿ, ಮೈಮೇಲೆ ಮೊದಲು ಬಿಳಿ, ಆಮೇಲೆ ಹಸಿರು ಪುಡಿ ಬಂದಿದ್ದರೆ ಅದು ಶಿಲೀಂಧ್ರ ರೋಗ. ಮೆಟಾರೈಜಿಯಂ ರಿಲೈ ಅನ್ನುವ ಈ ಶಿಲೀಂಧ್ರ ಮೋಡ, ಜಿಟಿಜಿಟಿ ಮಳೆ ಇರುವ ದಿನಗಳಲ್ಲಿ ಹೊಲದಲ್ಲಿ ತಾನಾಗಿಯೇ ಹಬ್ಬುತ್ತದೆ. ಮೂರೂ ಬೇರೆ ಬೇರೆ, ಮೂರೂ ಒಳ್ಳೆಯದೇ. ಆದರೆ ಎಲೆಯ ಮೇಲೆ ಹತ್ತಿಯಂಥ ನವಿರು ಕೂದಲು ಹೊದ್ದ ಗುಂಪು ಕಂಡರೆ ಅದು ಸೈನಿಕ ಪತಂಗದ ನಿಜವಾದ ಮೊಟ್ಟೆ. ಒಂದು ಗುಂಪಿನಲ್ಲಿ ನೂರಿನ್ನೂರು ಇರುತ್ತವೆ. ಅದನ್ನು ಕಂಡಲ್ಲೇ ಹಿಸುಕಿ ಹಾಕಿ. ಕಪ್ಪಗಾಗಿದ್ದರೆ ಮಾತ್ರ ಮುಟ್ಟಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಸೈನಿಕ ಹುಳ ನಮ್ಮೂರಿನದಲ್ಲ. ಅಮೆರಿಕ ಖಂಡದ್ದು. 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲು ಅದನ್ನು ಗುರುತಿಸಿದ್ದು ನಿಮ್ಮ ಪಕ್ಕದ ಶಿವಮೊಗ್ಗದಲ್ಲಿ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರು. ಹೊಸ ಹುಳ ಬಂದಾಗ ಅದರ ಶತ್ರುಗಳು ಜೊತೆಗೆ ಬಂದಿರುವುದಿಲ್ಲ, ಹಾಗಾಗಿಯೇ ಮೊದಲ ವರ್ಷ ಅಷ್ಟು ಹಾವಳಿ. ಆದರೆ ಹೆಚ್ಚು ದಿನ ಆಗುವ ಮೊದಲೇ ದಕ್ಷಿಣ ಕರ್ನಾಟಕದ ಹೊಲಗಳಲ್ಲಿ ಹುಡುಕಿದವರಿಗೆ ನಮ್ಮ ನೆಲದ ಹಳೆಯ ಕಣಜಗಳೇ ಈ ಹೊಸ ಹುಳಕ್ಕೆ ಕೈ ಹಾಕಿದ್ದು ಕಂಡಿತು. ಅದರಲ್ಲಿ ಕ್ಯಾಂಪೊಲೆಟಿಸ್ ಕ್ಲೋರಿಡಿಯೇ ಅನ್ನುವುದೊಂದು. ಕಡಲೆ, ತೊಗರಿಯ ಕಾಯಿಕೊರಕಕ್ಕೆ ಮೊಟ್ಟೆ ಇಟ್ಟುಕೊಂಡಿದ್ದ ಕಣಜ ಅದು. ಮೆಕ್ಕೆಜೋಳದ ಹುಳವನ್ನೂ ಹಿಡಿಯಿತು. ಅದರ ಗೂಡು ಒಂಟಿ. ಬೂದು ಬಣ್ಣ, ಮೇಲೆ ಕಪ್ಪು ಮಚ್ಚೆ, ಎಲೆಗೆ ಅಂಟಿಕೊಂಡಿರುತ್ತದೆ, ಪಕ್ಕದಲ್ಲಿ ಹುಳದ ಖಾಲಿ ಚರ್ಮ. ಇನ್ನೊಂದು ಸಲ ಸುಳಿ ನೋಡುವಾಗ ಹುಡುಕಿ, ಬಹುಶಃ ಸಿಗುತ್ತದೆ.

ಇಷ್ಟು ಚಿಕ್ಕ ಜೀವ ಇಷ್ಟು ದೊಡ್ಡ ಹೊಲದಲ್ಲಿ, ಸುಳಿಯೊಳಗೆ ಅಡಗಿದ ಹುಳವನ್ನು ಹುಡುಕುವುದು ಹೇಗೆ? ಮೆಕ್ಕೆಜೋಳವೇ ಕರೆಯುತ್ತದೆ. ಇದು ಸುಮ್ನೆ ಹೇಳುವ ಮಾತಲ್ಲ. ಹುಳ ಎಲೆ ಕಡಿದಾಗ ಅದರ ಜೊಲ್ಲು ಗಾಯಕ್ಕೆ ತಾಗುತ್ತದೆ. ಕೆಲವು ಗಂಟೆಗಳಲ್ಲಿ ಗಿಡ ಒಂದು ಬಗೆಯ ವಾಸನೆ ಬಿಡಲು ಶುರು ಮಾಡುತ್ತದೆ. ಕತ್ತರಿಯಿಂದ ಎಲೆ ಕತ್ತರಿಸಿದರೆ ಅಷ್ಟು ವಾಸನೆ ಬರುವುದಿಲ್ಲ. ಅದೇ ಕತ್ತರಿಸಿದ ಜಾಗಕ್ಕೆ ಹುಳದ ಜೊಲ್ಲು ಹಚ್ಚಿದರೆ ಬರುತ್ತದೆ. ಆ ವಾಸನೆ ಹಿಡಿದು ಕಣಜ ಬರುತ್ತದೆ. ಅಮೆರಿಕದ ವಿಜ್ಞಾನಿಗಳು 1990ರಲ್ಲಿ ಇದನ್ನು ತೋರಿಸಿದ್ದು ಮೆಕ್ಕೆಜೋಳದ ಸಸಿಗಳಲ್ಲೇ, ಸೈನಿಕ ಹುಳದ ಹತ್ತಿರದ ಬಂಧುವನ್ನು ಇಟ್ಟುಕೊಂಡು. ಜೊಲ್ಲಿನಲ್ಲಿರುವ ಆ ವಸ್ತು ಯಾವುದು ಅನ್ನುವುದೂ 1997ರಲ್ಲಿ ಗೊತ್ತಾಯಿತು. ಹತ್ತಿರ ಬಂದ ಮೇಲೆ ಕಣಜಕ್ಕೆ ಹುಳದ ಹಿಕ್ಕೆಯ ವಾಸನೆ ದಾರಿ ತೋರಿಸುತ್ತದೆ. ಮೀಸೆಯಿಂದ ತಟ್ಟಿ ತಟ್ಟಿ ನೋಡಿ, ಕ್ಷಣದಲ್ಲಿ ಚುಚ್ಚಿ, ಹಾರಿ ಹೋಗುತ್ತದೆ.

ಚುಚ್ಚಿದಾಗ ಒಳಗೆ ಹೋಗುವುದು ಮೊಟ್ಟೆ ಒಂದೇ ಅಲ್ಲ. ನಮ್ಮ ಮೈಗೆ ಮುಳ್ಳು ಚುಚ್ಚಿದರೆ ಸುತ್ತ ಕೀವು ಕಟ್ಟುತ್ತದಲ್ವಾ, ಹುಳದ ಮೈಗೂ ಹೊರಗಿನದನ್ನು ಸುತ್ತುವರಿದು ಕೊಲ್ಲುವ ಶಕ್ತಿ ಇದೆ. ಸುಮ್ಮನೆ ಮೊಟ್ಟೆ ಇಟ್ಟರೆ ಅದು ಬದುಕುವುದಿಲ್ಲ. ಅದಕ್ಕೆ ಕೊಟೇಸಿಯಾದಂಥ ಕಣಜಗಳು ಮೊಟ್ಟೆಯ ಜೊತೆಗೆ ಒಂದು ವೈರಸ್ಸನ್ನೂ ಸೇರಿಸಿಬಿಡುತ್ತವೆ. ಆ ವೈರಸ್ ಹುಳದ ರೋಗನಿರೋಧಕ ಶಕ್ತಿಯನ್ನು ಮಲಗಿಸುತ್ತದೆ. ವೈರಸ್ ತಯಾರಾಗುವುದು ತಾಯಿ ಕಣಜದ ಅಂಡಾಶಯದಲ್ಲೇ, ಅದರ ವಂಶವಾಹಿಯಲ್ಲೇ ಬರೆದುಕೊಂಡು ಬಂದಿದೆ. ಸುಮಾರು 10 ಕೋಟಿ ವರ್ಷಗಳ ಹಿಂದೆ ಯಾವುದೋ ಕಣಜಕ್ಕೆ ತಗುಲಿದ ವೈರಸ್, ಹಾಗೇ ಅದರ ಮನೆಯದಾಗಿ ಉಳಿದುಬಿಟ್ಟಿದೆ. ಬ್ರೆಜಿಲ್‌ನಲ್ಲಿ ಇನ್ನೂ ವಿಚಿತ್ರ ಕಂಡಿದ್ದಾರೆ. ಅಲ್ಲಿಯ ಒಂದು ಹುಳ, ತನ್ನ ಮೈಯಿಂದ ಕಣಜದ ಮರಿಗಳು ಹೊರಬಿದ್ದ ಮೇಲೂ ಸಾಯದೆ, ಗೂಡುಗಳ ಪಕ್ಕ ನಿಂತು, ಹತ್ತಿರ ಬಂದ ತಿಗಣೆಗಳನ್ನು ತಲೆ ಬೀಸಿ ಓಡಿಸುತ್ತದೆ. ತನ್ನನ್ನು ತಿಂದವರಿಗೇ ಕಾವಲು! ಕ್ರೂರ ಅನ್ನಿಸಬಹುದು, ಆದರೆ ಕಳೆದ ವರ್ಷ ಸುಳಿ ಪೂರ್ತಿ ಖಾಲಿ ಮಾಡಿಸಿಕೊಂಡ ಮೆಕ್ಕೆಜೋಳದವರಿಗೆ ಹುಳದ ಮೇಲೆ ಅಷ್ಟು ಕನಿಕರ ಬರಲಾರದು.

ಇನ್ನು ಟ್ರೈಕೋ ಕಾರ್ಡ್. ಇದು ಬೇರೆಯೇ ಕಣಜ, ಟ್ರೈಕೋಗ್ರಾಮ. ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ಕಾರ್ಡಿನಿಂದ ಹೊರಬಂದಾಗ ಚುಕ್ಕೆ ಓಡಾಡಿದಂತೆ ಕಾಣುತ್ತದೆ, ಅಷ್ಟೇ. ಇದು ಹುಳದ ತಂಟೆಗೆ ಹೋಗುವುದಿಲ್ಲ. ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ಆ ಮೊಟ್ಟೆ ಕಪ್ಪಗಾಗುತ್ತದೆ, ಎಂಟು ಹತ್ತು ದಿನಕ್ಕೆ ಹುಳದ ಬದಲು ಕಣಜ ಹೊರಬರುತ್ತದೆ. ಕಪ್ಪಗಾದ ಮೊಟ್ಟೆ ಗುಂಪನ್ನು ಹಿಸುಕಬೇಡಿ ಅಂದದ್ದು ಇದಕ್ಕೇ. ಆದರೆ ಮೊಟ್ಟೆ ಒಡೆಯುವ ಹಿಂದಿನ ದಿನವೂ ಒಳಗಿನ ಮರಿಯ ತಲೆಯಿಂದ ಸ್ವಲ್ಪ ಕಪ್ಪು ಕಾಣುವುದುಂಟು. ಅನುಮಾನ ಬಂದರೆ ಆ ಎಲೆ ತುಂಡನ್ನು ಮುಚ್ಚಳ ಇರುವ ಡಬ್ಬಿಗೆ ಹಾಕಿಡಿ. ಮಾರನೇ ದಿನ ಗೊತ್ತಾಗುತ್ತದೆ.

ಕಾರ್ಡಿನ ಮೇಲೆ ಅಂಟಿಸಿರುವುದು, ಒಳಗೆ ಈ ಕಣಜ ಮೊಟ್ಟೆ ಇಟ್ಟಿರುವ ಅಕ್ಕಿ ಪತಂಗದ ಮೊಟ್ಟೆಗಳು. ಒಂದು ಕಾರ್ಡಿನಲ್ಲಿ ಸುಮಾರು 18ರಿಂದ 20 ಸಾವಿರ. ಕಣಜ ಮುಟ್ಟದೆ ಬಿಟ್ಟ ಮೊಟ್ಟೆಯಿಂದ ಅಕ್ಕಿ ಹುಳ ಎದ್ದು ಮನೆಯ ಕಾಳು ಹಾಳಾಗುತ್ತದೇನೋ ಅನ್ನುವ ಭಯ ಬೇಡ. ಅಂಟಿಸುವಾಗಲೇ ನೇರಳಾತೀತ ಬೆಳಕು ಹಾಯಿಸಿ ಅವು ಒಡೆಯದಂತೆ ಮಾಡಿರುತ್ತಾರೆ. ಸೈನಿಕ ಹುಳಕ್ಕೆ ಶಿಫಾರಸು ಇರುವುದು ಎಕರೆಗೆ 50 ಸಾವಿರ ಕಣಜ, ಅಂದರೆ ಎರಡೂವರೆಯಿಂದ ಮೂರು ಕಾರ್ಡ್, ವಾರಕ್ಕೊಮ್ಮೆ. ಒಂದು ಸಲ ಕಟ್ಟಿ ಕೈ ತೊಳೆದುಕೊಂಡರೆ ಪ್ರಯೋಜನ ಇಲ್ಲ. ಕೇಳುವಾಗ ಟ್ರೈಕೋಗ್ರಾಮ ಪ್ರೆಟಿಯೋಸಮ್ ಇದೆಯಾ ಅಂತ ಕೇಳಿ. ಮೊಟ್ಟೆಗೇ ಮೊಟ್ಟೆ ಇಡುವ ಇನ್ನೊಂದು ಕಣಜ, ಟೆಲಿನೋಮಸ್ ರೆಮಸ್, ಸಿಕ್ಕರೆ ಇನ್ನೂ ಒಳ್ಳೆಯದು. ಯಾಕೆಂದರೆ ಸೈನಿಕ ಪತಂಗ ಮೊಟ್ಟೆಗಳನ್ನು ಪದರ ಪದರವಾಗಿ ಇಟ್ಟು ಮೇಲೆ ಕೂದಲು ಹೊದಿಸುತ್ತದೆ. ಟ್ರೈಕೋಗ್ರಾಮ ಹೆಚ್ಚಾಗಿ ಮೇಲಿನ ಪದರಕ್ಕೇ ಸುಸ್ತಾಗುತ್ತದೆ. ಟೆಲಿನೋಮಸ್ ಒಳಗಿನವನ್ನೂ ತಲುಪುತ್ತದೆ.

ಇಲ್ಲಿ ನಿಮಗೆ ನೇರವಾಗಿ ಒಂದು ಮಾತು ಹೇಳಬೇಕು. ನಿಮ್ಮ ಬೆಳೆ ಈಗ ಮೊಣಕಾಲುದ್ದ ಇದೆ, ಸುಳಿಯಲ್ಲಿ ಹುಳ ಕೂತಿದೆ ಅಂತೀರಿ. ಆ ಹುಳಕ್ಕೆ ಟ್ರೈಕೋ ಕಾರ್ಡ್ ಏನೂ ಮಾಡುವುದಿಲ್ಲ. ಮೊಟ್ಟೆಯಲ್ಲಿದ್ದಾಗ ಹಿಡಿಯುವ ಕಣಜಕ್ಕೆ ಹುಳ ಹೊರಬಂದ ಮೇಲೆ ಕೆಲಸ ಇಲ್ಲ. ನಮ್ಮ ಬಿಸಿಲಿಗೆ ಈ ಮೊಟ್ಟೆ ಎರಡು ಮೂರು ದಿನಕ್ಕೇ ಒಡೆಯುತ್ತದೆ, ಸಿಗುವ ಸಮಯ ಅಷ್ಟೇ. ಕಾರ್ಡ್ ಕಟ್ಟಬೇಕಾದದ್ದು ಪತಂಗ ಬರಲು ಶುರುವಾದಾಗ. ಅದು ತಿಳಿಯಲು ಹೊಲದಲ್ಲಿ ಮೋಹಕ ಬಲೆ, ಅಂದರೆ ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆದು ಹಿಡಿಯುವ ಬಲೆ, ನೆಟ್ಟಿರಬೇಕು. ಒಂದು ಬಲೆಗೆ ಮೂರು ಪತಂಗ ಬಿದ್ದರೆ ಕಾರ್ಡ್ ಬಿಡುವ ಹೊತ್ತು ಬಂತು ಅಂತ ಲೆಕ್ಕ. ಈ ಬೆಳೆಗೆ ಹೊಸದಾಗಿ ಮೊಟ್ಟೆ ಕಾಣುತ್ತಿದ್ದರೆ ಈಗಲೂ ಬಿಡಬಹುದು, ಇಲ್ಲದಿದ್ದರೆ ದುಡ್ಡು ದಂಡ. ಮುಂದಿನ ಮುಂಗಾರಿಗೆ ಇಟ್ಟುಕೊಳ್ಳಿ.

ಕಟ್ಟುವ ರೀತಿಯಲ್ಲೂ ಬಹಳ ಜನ ಎಡವುತ್ತಾರೆ. ಟ್ರೈಕೋಗ್ರಾಮ ತಾನಾಗಿ ಹೆಚ್ಚು ದೂರ ಹೋಗುವುದಿಲ್ಲ, ಕೆಲವು ಮೀಟರ್ ಅಷ್ಟೇ. ಇಡೀ ಕಾರ್ಡನ್ನು ಬದುವಿನ ಗೂಟಕ್ಕೆ ಸಿಕ್ಕಿಸಿದರೆ ಬದುವಿನ ಪಕ್ಕದ ನಾಲ್ಕು ಸಾಲಿಗೆ ಮಾತ್ರ ಲಾಭ. ಕಾರ್ಡನ್ನು ಸಣ್ಣ ಪಟ್ಟಿ ಮಾಡಿ ಎಕರೆ ತುಂಬಾ ಹಂಚಿ, ಎಲೆಯ ಅಡಿಭಾಗಕ್ಕೆ ಪಿನ್ ಹೊಡೆಯಿರಿ. ಅಡಿಭಾಗ ಯಾಕೆಂದರೆ ಬಿಸಿಲು, ಮಳೆ ಎರಡೂ ತಾಗಬಾರದು. ಸಂಜೆ ಹೊತ್ತು ಒಳ್ಳೆಯದು. ದಾವಣಗೆರೆಯಿಂದ ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನ ತಂದರೆ ಜಗಳೂರು ಮುಟ್ಟುವಷ್ಟರಲ್ಲಿ ಒಳಗಿನವು ಬೆಂದು ಹೋಗಿರುತ್ತವೆ. ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿ ತನ್ನಿ. ಎಷ್ಟು ದಿನಕ್ಕೆ ಕಣಜ ಏಳುತ್ತದೆ ಅಂತ ತಾರೀಖು ಕೇಳಿ, ಏಳುವ ಹಿಂದಿನ ಸಂಜೆ ಕಟ್ಟಿ. ಮೊದಲೇ ಕಟ್ಟಿಟ್ಟರೆ ಇರುವೆ ಬಂದು ಮೊಟ್ಟೆ ತಿಂದು ಹೋಗುತ್ತದೆ. ನಾಲ್ಕು ದಿನ ಬಿಟ್ಟು ಒಂದು ಪಟ್ಟಿ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಕಪ್ಪು ಮೊಟ್ಟೆಗಳಲ್ಲಿ ತೂತು ಕಂಡರೆ ಕಣಜ ಎದ್ದಿದೆ. ತೂತೇ ಇಲ್ಲದಿದ್ದರೆ ಹಳೆಯ ಕಾರ್ಡ್, ಕೊಟ್ಟವರನ್ನು ಕೇಳಿ.

ಆದರೆ ನನ್ನ ಮಟ್ಟಿಗೆ ಕಾರ್ಡಿಗಿಂತ ದೊಡ್ಡ ವಿಷಯ ನಿಮ್ಮ ಹೊಲದಲ್ಲಿ ಆಗಲೇ ಇರುವ ಕಣಜಗಳದ್ದು. ದುಡ್ಡು ಕೊಟ್ಟು ತಂದದ್ದು ಒಂದು ತಲೆಮಾರು ಕೆಲಸ ಮಾಡಿ ಮುಗಿಯಬಹುದು. ತಾವಾಗಿ ಬಂದವು ಊರಿನ ಬಿಸಿಲು, ಗಾಳಿ, ಬೇರೆ ಹುಳ, ಬೇರೆ ಬೆಳೆ ಎಲ್ಲಕ್ಕೂ ಹೊಂದಿಕೊಂಡಿವೆ. ಅವನ್ನು ಉಳಿಸಿಕೊಳ್ಳದೆ ಕಾರ್ಡ್ ತರುವುದರಲ್ಲಿ ಅರ್ಥ ಇಲ್ಲ. ಎಷ್ಟೋ ಹೊಲಗಳಲ್ಲಿ ಸೋಮವಾರ ಕಾರ್ಡ್ ಕಟ್ಟಿ ಗುರುವಾರ ಎರಡು ಔಷಧಿ ಬೆರೆಸಿ ಹೊಡೆಯುತ್ತಾರೆ. ಎರಡಕ್ಕೂ ದುಡ್ಡು ಕೊಟ್ಟು ಒಂದರಿಂದ ಇನ್ನೊಂದನ್ನು ಕೊಲ್ಲಿಸುವುದು ಅಂದರೆ ಇದೇ.

ನಿಮ್ಮಲ್ಲಿ ಎಷ್ಟು ಕಣಜ ಇವೆ ಅಂತ ನೀವೇ ನೋಡಬಹುದು. ಒಂದಿಪ್ಪತ್ತು ಚಿಕ್ಕ, ಮಧ್ಯಮ ಹುಳ ಹಿಡಿದು ತನ್ನಿ. ಒಂದೊಂದನ್ನು ಒಂದೊಂದು ಸಣ್ಣ ಡಬ್ಬಿಯಲ್ಲಿಡಿ. ಒಟ್ಟಿಗೆ ಹಾಕಿದರೆ ಒಂದನ್ನೊಂದು ತಿಂದು ಹಾಕುತ್ತವೆ, ಅಂಥ ಜಾತಿ ಇದು. ದಿನಾ ತಾಜಾ ಎಲೆ ಹಾಕಿ, ಮುಚ್ಚಳಕ್ಕೆ ಸೂಜಿ ತೂತು ಇರಲಿ. ವಾರ ಹತ್ತು ದಿನದಲ್ಲಿ ಯಾವುದರಲ್ಲಿ ಗೂಡು ಬಂತು, ಯಾವುದು ಪುಡಿ ಹಿಡಿಯಿತು, ಯಾವುದು ಆರೋಗ್ಯವಾಗಿದೆ ನೋಡಿ. ಇಪ್ಪತ್ತರಲ್ಲಿ ಐದಾರು ಸತ್ತರೂ ನಿಮ್ಮ ಹೊಲದ ಕಣಜಗಳು ಕೆಲಸದಲ್ಲಿವೆ ಅಂತ ಧೈರ್ಯ. ಈ ಕೆಲಸಕ್ಕೆ ಮಕ್ಕಳನ್ನು ಹಚ್ಚಿ, ನಿಮಗಿಂತ ಚೆನ್ನಾಗಿ ಮಾಡುತ್ತಾರೆ.

ಹಾಗಂತ ಯಾವಾಗಲೂ ಹೊಡೆಯಲೇಬಾರದು ಅಂತ ನಾನು ಹೇಳುವುದಿಲ್ಲ. ಮಳೆ ಕೈಕೊಟ್ಟು, ಸಸಿ ಚಿಕ್ಕದಿದ್ದು, ಹುಳ ಜಾಸ್ತಿ ಬಿದ್ದರೆ ಕಣಜಕ್ಕೆ ಕಾಯುತ್ತಾ ಕೂರಲು ಆಗುವುದಿಲ್ಲ. ಹೊಲದ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ಎಣಿಸಿ. ಸಸಿ ಹಂತದಲ್ಲಿ ನೂರಕ್ಕೆ ಐದು ಗಿಡ ಹೊಸದಾಗಿ ತಿಂದಿದ್ದರೆ ಬೇವಿನ ಔಷಧಿ, 1500 ಪಿಪಿಎಂನದು, ಲೀಟರಿಗೆ 5 ಮಿಲಿ. ಸುಳಿ ಚೆನ್ನಾಗಿ ಬಂದ ಮೇಲೆ ನೂರಕ್ಕೆ ಹತ್ತರಿಂದ ಇಪ್ಪತ್ತು ದಾಟಿದರೆ ಮಾತ್ರ ರಾಸಾಯನಿಕದ ಯೋಚನೆ. ಎಲೆ ತೂತಾದದ್ದು ನೋಡಿ ಹೆದರಬೇಡಿ. ಹಳೆಯ ತೂತು ಎಲೆ ಬೆಳೆದಂತೆ ದೊಡ್ಡದಾಗಿ ಕಾಣುತ್ತದೆ, ಅಲ್ಲಿ ಹುಳ ಇರುವುದೇ ಇಲ್ಲ. ಸುಳಿ ಬಿಚ್ಚಿ, ಹಸಿ ಹಿಕ್ಕೆ ಇದೆಯಾ, ಹುಳ ಇದೆಯಾ ಅಂತ ನೋಡಿಯೇ ಎಣಿಸಿ. ಸುಳಿ ಹಂತದಲ್ಲಿ ಒಂದಿಷ್ಟು ಎಲೆ ಹೋದರೂ ಮೆಕ್ಕೆಜೋಳ ಚೇತರಿಸಿಕೊಳ್ಳುತ್ತದೆ.

ಹೊಡೆಯಲೇಬೇಕಾದರೆ ಔಷಧಿ ನೋಡಿ ಆರಿಸಿ. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಲ್ಯಾಂಬ್ಡಾ ಸೈಹಲೋಥ್ರಿನ್ ಇಂಥವು ಕಣಜ, ಜೇಡ, ಗುಲಗಂಜಿ ಹುಳ ಯಾವುದನ್ನೂ ಬಿಡುವುದಿಲ್ಲ. ಶಿಫಾರಸಿನಲ್ಲಿರುವ ಕ್ಲೋರಾಂಟ್ರನಿಲಿಪ್ರೋಲ್, ಲೀಟರಿಗೆ 0.4 ಮಿಲಿ, ಕಣಜಗಳಿಗೆ ಅಷ್ಟು ಮಾರಕ ಅಲ್ಲ. ಸ್ಪಿನೆಟೊರಮ್ ಕೂಡ ಶಿಫಾರಸಿನಲ್ಲಿದೆ, ಜೈವಿಕ ಮೂಲದ್ದು ಅಂತ ಅಂಗಡಿಯಲ್ಲಿ ಹೊಗಳುತ್ತಾರೆ. ಹುಳಕ್ಕೆ ಒಳ್ಳೆಯ ಔಷಧಿಯೇ, ಆದರೆ ಕಣಜಕ್ಕೂ ವಿಷ. ಜೈವಿಕ ಅಂದ ಮಾತ್ರಕ್ಕೆ ಮಿತ್ರ ಕೀಟಕ್ಕೆ ಕ್ಷೇಮ ಅಂತ ಅಲ್ಲ. ಯಾವುದೇ ಆದರೂ ಹೊಲದ ಮೇಲೆಲ್ಲ ಎರಚಬೇಡಿ, ನಾಜಲ್ ಸುಳಿಗೆ ಹಿಡಿದು ಸುಳಿಯೊಳಗೇ ಬೀಳುವಂತೆ ಹೊಡೆಯಿರಿ. ಹುಳ ಇರುವುದು ಅಲ್ಲಿ. ಕಾರ್ಡ್ ಕಟ್ಟಿದ್ದರೆ ಹಿಂದೆ ಮುಂದೆ ಒಂದು ವಾರ ಹತ್ತು ದಿನ ಔಷಧಿಯ ಹೆಸರೇ ಬೇಡ. ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿಕೊಳ್ಳಿ, ರೇಷ್ಮೆ ಹುಳವೂ ಹುಳವೇ.

ಬೆಳೆದ ಕಣಜಕ್ಕೆ ಹೊಟ್ಟೆಗೂ ಏನಾದರೂ ಬೇಕು. ಮರಿ ಮಾತ್ರ ಮಾಂಸಾಹಾರಿ. ರೆಕ್ಕೆ ಬಂದ ಮೇಲೆ ಅದು ಕುಡಿಯುವುದು ಹೂವಿನ ರಸ. ರಸ ಸಿಗದಿದ್ದರೆ ಕೆಲವೇ ದಿನಕ್ಕೆ ಸಾಯುತ್ತದೆ, ಸಿಕ್ಕರೆ ವಾರಗಟ್ಟಲೆ ಬದುಕಿ ಹೆಚ್ಚು ಹುಳ ಹುಡುಕುತ್ತದೆ. ಈಗಿನ ಮೆಕ್ಕೆಜೋಳದ ಹೊಲ ನೋಡಿ: ದಿಗಂತದವರೆಗೆ ಒಂದೇ ಬೆಳೆ, ಬದುವಿಗೂ ಕಳೆನಾಶಕ. ಕಣಜಕ್ಕೆ ಅದು ಬರಡು ನೆಲ. ಹಿಂದೆ ನಮ್ಮಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದರಲ್ವಾ? ತೊಗರಿ, ಅಲಸಂದೆ, ಹುಚ್ಚೆಳ್ಳು, ಬದುವಿಗೆ ಹರಳು. ಅದನ್ನು ಕಾಳಿಗಾಗಿ, ಎಣ್ಣೆಗಾಗಿ ಮಾಡುತ್ತಿದ್ದರು ನಿಜ, ಕಣಜಕ್ಕೂ ಅದೇ ಊಟದ ಮನೆ ಆಗಿತ್ತು. ಅಲಸಂದೆ ಮತ್ತು ಹರಳಿನ ವಿಶೇಷ ಏನೆಂದರೆ, ಹೂ ಬಿಡದಿದ್ದಾಗಲೂ ದಂಟು, ತೊಟ್ಟುಗಳ ಮೇಲಿನ ಸಣ್ಣ ಗ್ರಂಥಿಗಳಿಂದ ಸಿಹಿ ರಸ ಒಸರುತ್ತದೆ. ಇರುವೆ ಅಲ್ಲಿ ಸುತ್ತುವುದನ್ನು ನೋಡಿರುತ್ತೀರಿ. ಪುಟ್ಟ ಕಣಜಕ್ಕೆ ಆಳವಾದ ಹೂವಿನಿಂದ ರಸ ಹೀರಲು ಬಾಯಿ ಇಲ್ಲ. ಕೊತ್ತಂಬರಿ, ಸಬ್ಬಸಿಗೆಯ ಬಿಚ್ಚು ಹೂ ಅದಕ್ಕೆ ಹೇಳಿ ಮಾಡಿಸಿದ್ದು. ಬದುವಿನಲ್ಲಿ ಒಂದು ಹಿಡಿ ಕೊತ್ತಂಬರಿ ಬೀಜ ಚೆಲ್ಲಿ ಹೂವಿಗೆ ಬಿಡುವುದಕ್ಕೆ ಏನು ಖರ್ಚು?

ಕಡಿಯುವ ಭಯದ ಬಗ್ಗೆ. ಟ್ರೈಕೋಗ್ರಾಮ, ಟೆಲಿನೋಮಸ್, ಕೊಟೇಸಿಯಾ ಯಾವುದೂ ಮಕ್ಕಳನ್ನು ಕಡಿಯುವುದಿಲ್ಲ. ಚುಚ್ಚುವ ಸೂಜಿ ಇರುವುದು ಹೆಣ್ಣಿಗೆ ಮಾತ್ರ, ಅದು ಮೊಟ್ಟೆ ಇಡಲು. ನಮ್ಮ ಚರ್ಮಕ್ಕೆ ಅದು ಏನೂ ಅಲ್ಲ. ರಾತ್ರಿ ಮನೆಯ ದೀಪಕ್ಕೆ ಬರುವ ಕಿತ್ತಳೆ ಬಣ್ಣದ, ಉದ್ದ ಕಾಲಿನ, ಬಾಗಿದ ಹೊಟ್ಟೆಯ ಒಂದು ಕಣಜ ಇದೆ, ನೆಟೇಲಿಯಾ ಅಂತ. ಅದೂ ಹುಳಕ್ಕೆ ಮೊಟ್ಟೆ ಇಡುವ ಜಾತಿಯೇ. ಅದನ್ನು ಕೈಯಲ್ಲಿ ಹಿಡಿದರೆ ಮಾತ್ರ ಚುರುಕ್ ಅನ್ನಿಸುತ್ತದೆ. ಹಿಡಿಯದಿದ್ದರೆ ಆಯಿತು. ಕಟ್ಟಿಗೆ, ಸೂರಿಗೆ ಗೂಡು ಕಟ್ಟಿ ಗುಂಪಾಗಿ ಎದ್ದು ಬರುವ ಕಣಜಗಳ ಬಳಗವೇ ಬೇರೆ.

ಬೆಳೆಗೆ ತಿರುಗುತ್ತವಾ ಅನ್ನುವುದು ಒಳ್ಳೆಯ ಪ್ರಶ್ನೆ, ಎಲ್ಲರೂ ಕೇಳುವುದಿಲ್ಲ. ಈ ಕಣಜಗಳ ಮರಿಗೆ ಎಲೆ ತಿನ್ನಲು ಬರುವುದಿಲ್ಲ. ಹುಳ ಖಾಲಿಯಾದರೆ ಅವೂ ಕಡಿಮೆಯಾಗುತ್ತವೆ. ಗಿಡ ತಿನ್ನುವ ಕಣಜಗಳೇ ಇಲ್ಲ ಅಂತ ಅಲ್ಲ. ನೀಲಗಿರಿಯ ಎಲೆ, ತೊಟ್ಟಿನಲ್ಲಿ ಗಂಟು ಗಂಟಾಗುವುದನ್ನು ಚಿತ್ರದುರ್ಗದ ಕಡೆ ನೆಡುತೋಪುಗಳಲ್ಲಿ ನೋಡಿರಬಹುದು. ಅದು ಆಸ್ಟ್ರೇಲಿಯಾ ಮೂಲದ ಕಣಜದ ಕೆಲಸ. ಆದರೆ ಅದನ್ನು ಹತೋಟಿಗೆ ತಂದದ್ದೂ ಅದರ ಗಂಟಿನೊಳಗೇ ಹೋಗಿ ಅದನ್ನು ತಿನ್ನುವ ಇನ್ನೊಂದು ಕಣಜ. ಹೊರದೇಶದಿಂದ ಕಣಜ ತರುವಾಗ ಇಂಥ ಅಪಾಯ ಇಲ್ಲ ಅನ್ನುವುದನ್ನು ಮುಚ್ಚಿದ ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಬಿಡುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಈ ಕೆಲಸ ಮಾಡುತ್ತದೆ. ಅವರ ದೊಡ್ಡ ಗೆಲುವು ಪಪ್ಪಾಯಿ ಹಿಟ್ಟು ತಿಗಣೆಯದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಆ ತಿಗಣೆ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸನ್ನು ಬೆಳ್ಳಗೆ ಮುಚ್ಚಿ ಒಣಗಿಸಿತು, ಕರ್ನಾಟಕಕ್ಕೂ ಬಂತು. ಮೈಮೇಲೆ ಮೇಣದ ಹಿಟ್ಟು ಇರುವುದರಿಂದ ಔಷಧಿ ಅಂಟುವುದೇ ಇಲ್ಲ. 2010ರಲ್ಲಿ ಪೋರ್ಟೊರಿಕೋದಿಂದ ಅಸಿರೋಫೇಗಸ್ ಪಪಾಯೆ ಅನ್ನುವ ಪುಟ್ಟ ಕಣಜ ತರಿಸಿ, ಬೆಳೆಸಿ, ಬಿಟ್ಟರು. ಕೆಲವೇ ತಿಂಗಳಲ್ಲಿ ತಿಗಣೆ ಕೈಗೆ ಬಂತು. ಈಗಲೂ ಆ ಕಣಜ ತಾನಾಗಿಯೇ ಹೊಲದಿಂದ ಹೊಲಕ್ಕೆ ಓಡಾಡಿಕೊಂಡಿದೆ.

ಕಾರ್ಡ್, ಸಲಹೆ ಎರಡಕ್ಕೂ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ, ಇಲ್ಲವೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಭಾವನವರಿಗೆ ಹಿರಿಯೂರಿನ ಬಬ್ಬೂರು ಫಾರ್ಮಿನ ಕೇಂದ್ರ ಇದೆ. ಕಾರ್ಡ್ ಕಪಾಟಿನಲ್ಲಿ ಇಟ್ಟು ಮಾರುವ ಸಾಮಾನಲ್ಲ, ಜೀವ. ಬೇಕಾದ ದಿನಕ್ಕೆ ಎರಡು ವಾರ ಮೊದಲೇ ಹೇಳಿಡಿ.

ಕೊನೆಯದಾಗಿ ತೆಂಗು. ಅಲ್ಲಿಗೆ ಟ್ರೈಕೋ ಕಾರ್ಡ್ ಬೇಡ. ಮೊದಲು ಗರಿ ಯಾಕೆ ಒಣಗುತ್ತಿದೆ ಅಂತ ನೋಡಲು ಹೇಳಿ. ಕೆಳಗಿನ ಗರಿಗಳು ಸುಟ್ಟಂತೆ ಆಗಿ, ಎಲೆಯಡಿ ಹಿಕ್ಕೆ ಮತ್ತು ನೂಲಿನ ಸುರಂಗ ಇದ್ದರೆ ಅದು ಕಪ್ಪು ತಲೆ ಹುಳ. ಅದಕ್ಕೆ ಗೋನಿಯೋಜಸ್ ಅನ್ನುವ ಕಣಜ ಇದೆ. ಹುಳವನ್ನು ಕುಟುಕಿ ಮಲಗಿಸಿ, ಮೈಮೇಲೆ ಮೊಟ್ಟೆ ಇಟ್ಟು, ಮರಿ ದೊಡ್ಡದಾಗುವವರೆಗೂ ತಾಯಿ ಕಾವಲು ಕೂರುತ್ತದೆ. ಮರಕ್ಕೆ 20 ಕಣಜದ ಲೆಕ್ಕದಲ್ಲಿ ಬಿಡುತ್ತಾರೆ. ಹೆಚ್ಚು ತಿಂದು ಒಣಗಿದ ಕೆಳಗರಿಗಳನ್ನು ಮೊದಲು ಕಡಿದು ಸುಡಬೇಕು. ಗರಿ ಹಸಿರಾಗಿಯೇ ಇದ್ದು ಅಡಿಯಲ್ಲಿ ಬಿಳಿ ಸುರುಳಿ, ಮೇಲೆ ಮಸಿಯಂಥ ಕಪ್ಪು ಬೂಷ್ಟು ಇದ್ದರೆ ಅದು ಸುರುಳಿ ಬಿಳಿನೊಣ, 2016ರಲ್ಲಿ ನಮ್ಮ ದೇಶಕ್ಕೆ ಬಂದದ್ದು. ಅದರ ಬೆನ್ನಿಗೇ ಎನ್ಕಾರ್ಸಿಯಾ ಗ್ವಾಡಲೂಪೆ ಅನ್ನುವ ಕಣಜವೂ ಬಂದಿದೆ. ಯಾರೂ ತಂದು ಬಿಟ್ಟದ್ದಲ್ಲ. ಗರಿಯಡಿಯ ಬಿಳಿನೊಣದ ಮರಿಗಳು ಕಪ್ಪಾಗಿದ್ದರೆ ಕಣಜ ಬಂದಾಗಿದೆ ಅಂತ. ಅಲ್ಲಿ ಔಷಧಿ ಹೊಡೆದರೆ ಬಿಳಿನೊಣ ಮತ್ತೆ ಏಳುತ್ತದೆ, ಕಣಜ ಏಳುವುದಿಲ್ಲ. ಕಪ್ಪು ಮರಿ ಇರುವ ಗರಿ ತುಂಡುಗಳನ್ನು ಕಣಜ ಇನ್ನೂ ಕಾಣದ ಮರಗಳಿಗೆ ಕಟ್ಟಿದರೆ ಸಾಕು. ಬೂಷ್ಟು ಜಾಸ್ತಿ ಇದ್ದರೆ ಶೇಕಡಾ ಒಂದರ ಗಂಜಿ ನೀರು, ಅಂದರೆ ಲೀಟರಿಗೆ ಹತ್ತು ಗ್ರಾಂ ಗಂಜಿ ಪುಡಿ ಕಾಯಿಸಿ ಆರಿಸಿ ಎರಚಿದರೆ ಒಣಗಿ ಪೊರೆಯಾಗಿ ಉದುರುತ್ತದೆ.